ಸಾವಿರಾರು ಯೂನಿಟ್‌ಗಳು, ಒಂದೇ ತೆರೆ: ರಿಯಲ್‌ಟೈಮ್ ಸ್ಟ್ರಾಟೆಜಿ ಆಟಕ್ಕೆ ಗ್ರಾಫಿಕ್ಸ್ ಎಂಜಿನ್ ಕಟ್ಟುವ ಕ್ರಮ

ರಿಯಲ್‌ಟೈಮ್ ಸ್ಟ್ರಾಟೆಜಿ ಆಟದಲ್ಲಿ, ಅಂದರೆ ಸರದಿಗೆ ಕಾಯದೆ ಎಲ್ಲರೂ ಏಕಕಾಲಕ್ಕೆ ಸೈನ್ಯ ಕಟ್ಟಿ ಕಾದಾಡುವ ಆಟದಲ್ಲಿ, ಚಿತ್ರ ಬಿಡಿಸುವ ಎಂಜಿನ್‌ಗೆ ಯಾವ ಗಳಿಗೆ ಅತ್ಯಂತ ಭಾರವೋ, ಆಟಗಾರರಿಗೂ ಅದೇ ಗಳಿಗೆ ಅತ್ಯಂತ ಮಹತ್ವದ್ದು. ಎರಡು ಸೈನ್ಯಗಳು ನಕ್ಷೆಯ ನಡುವೆ ಮುಖಾಮುಖಿಯಾದಾಗ ತೆರೆಯ ಮೇಲಿನ ಯೂನಿಟ್‌ಗಳ (ಸೈನಿಕ, ಟ್ಯಾಂಕ್, ವಿಮಾನಗಳ) ಸಂಖ್ಯೆ ಗರಿಷ್ಠ ಮಟ್ಟ ಮುಟ್ಟಿರುತ್ತದೆ, ಹೊಗೆ, ಬೆಂಕಿ, ಕಿಡಿಗಳೆಲ್ಲ ಒಟ್ಟಿಗೇ ಏಳುತ್ತವೆ, ದಾರಿ ಹುಡುಕುವ ಲೆಕ್ಕಾಚಾರವೂ ಅದೇ ಹೊತ್ತಿಗೆ ಏರುತ್ತದೆ. ಆ ಕೆಲವು ಸೆಕೆಂಡುಗಳಲ್ಲಿ ಚಿತ್ರ ತಡವರಿಸಿದರೆ ಆಟಗಾರರು ಸೋಲುತ್ತಾರೆ, ಮತ್ತು ಆ ಸೋಲಿಗೆ ಅವರು ಕಾರಣರಲ್ಲ. ಆದ್ದರಿಂದ ಇಂಥ ಆಟಕ್ಕೆ ಎಂಜಿನ್ ಕಟ್ಟುವವರು ಚಿತ್ರ ಎಷ್ಟು ಚೆಂದವಾಗಿದೆ ಎಂದು ಕೇಳಿಕೊಳ್ಳುವ ಮೊದಲು, ಅತಿ ಕಠಿಣ ಗಳಿಗೆಯಲ್ಲೂ ರಣರಂಗ ಸ್ಪಷ್ಟವಾಗಿ ಓದಲು ಸಿಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಕೆಳಗಿನ ಹೆಜ್ಜೆಗಳನ್ನು ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಜೋಡಿಸಿದ್ದೇನೆ.

1992ರ ಡ್ಯೂನ್ 2 ಆಟದಿಂದ ಹಿಡಿದು 1998ರ ಸ್ಟಾರ್‌ಕ್ರಾಫ್ಟ್‌ವರೆಗೆ ಈ ಪ್ರಕಾರದ ಹೆಚ್ಚಿನ ಆಟಗಳು ಮೊದಲೇ ಬರೆದಿಟ್ಟ ಚಪ್ಪಟೆ ಚಿತ್ರಗಳನ್ನು, ಅಂದರೆ ಸ್ಪ್ರೈಟ್‌ಗಳನ್ನು ಜೋಡಿಸಿಯೇ ನಡೆಯುತ್ತಿದ್ದವು. ಸ್ಟಾರ್‌ಕ್ರಾಫ್ಟ್ ಓಡಿದ್ದು 640×480 ಅಳತೆಯ ತೆರೆಯಲ್ಲಿ, 256 ಬಣ್ಣಗಳ ಪಟ್ಟಿಯಲ್ಲಿ. 1997ರಲ್ಲೇ ಟೋಟಲ್ ಅನೈಹಿಲೇಷನ್ ಮೂರು ಆಯಾಮದ ಯೂನಿಟ್‌ಗಳನ್ನು ತಂದಿತು, 1999ರ ಹೋಮ್‌ವರ್ಲ್ಡ್ ಇಡೀ ರಣರಂಗವನ್ನೇ ಮೂರು ಆಯಾಮಕ್ಕೆ ಒಯ್ದಿತು, 2007ರ ಸುಪ್ರೀಮ್ ಕಮಾಂಡರ್ ಒಂದು ಯೂನಿಟ್‌ನ ಸಮೀಪದಿಂದ ಇಡೀ ನಕ್ಷೆಯವರೆಗೆ ಒಂದೇ ಸಮನೆ ಹಿಂದೆ ಸರಿಯುವ ಕ್ಯಾಮೆರಾ ಕೊಟ್ಟಿತು. ಇಲ್ಲಿ ನಾನು ಮೂರು ಆಯಾಮದ ಎಂಜಿನ್ ಕುರಿತೇ ಬರೆಯುತ್ತೇನೆ. ತ್ರಿಕೋನಗಳನ್ನು ತೆರೆಗೆ ತರುವ ಮಟ್ಟಿನ ಶೇಡರ್ (ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಸಣ್ಣ ಪ್ರೋಗ್ರಾಮ್) ಜ್ಞಾನ ಓದುಗರಿಗೆ ಇದೆ ಎಂದು ಭಾವಿಸಿದ್ದೇನೆ.

ಮೊದಲ ಹೆಜ್ಜೆ: ಕ್ಯಾಮೆರಾ ಮತ್ತು ಸಮಯದ ಲೆಕ್ಕ

ಕೋಡ್ ಬರೆಯಲು ಕೂರುವ ಮೊದಲೇ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಿಶ್ಚಯಿಸಿಕೊಳ್ಳಿ. ಮುಂದಿನ ಬಹುತೇಕ ತೀರ್ಮಾನಗಳು ಅದರಿಂದಲೇ ಹುಟ್ಟುತ್ತವೆ. ನೆಲದ ಮಟ್ಟದಿಂದ 50ರಿಂದ 60 ಡಿಗ್ರಿಯಷ್ಟು ಕೆಳಮುಖವಾಗಿ ಬಾಗಿದ ಕ್ಯಾಮೆರಾ ಆರಂಭಕ್ಕೆ ಒಳ್ಳೆಯದು. ನೋಟದ ಅಗಲವನ್ನು 35ರಿಂದ 45 ಡಿಗ್ರಿಯಷ್ಟು ಕಿರಿದಾಗಿಟ್ಟು ಕ್ಯಾಮೆರಾವನ್ನು ಮೇಲಕ್ಕೆ ಒಯ್ದರೆ ತೆರೆಯ ಅಂಚಿನ ಯೂನಿಟ್‌ಗಳು ಹಿಗ್ಗಿದಂತೆ ಕಾಣುವುದಿಲ್ಲ, ಮತ್ತು ಮೇಲ್ಭಾಗದ ಟ್ಯಾಂಕಿಗೂ ಕೆಳಭಾಗದ ಟ್ಯಾಂಕಿಗೂ ಗಾತ್ರದಲ್ಲಿ ದೊಡ್ಡ ಅಂತರ ಬರುವುದಿಲ್ಲ. ಗಾತ್ರ ನೋಡಿ ಯೂನಿಟ್ ಗುರುತಿಸುವ ಆಟಗಾರರಿಗೆ ಇದು ಸಣ್ಣ ಸಂಗತಿಯಲ್ಲ.

ಈ ಕೋನದಿಂದ ಇನ್ನೊಂದು ಅನುಕೂಲವಿದೆ. ದಿಗಂತ ಕಾಣದಿರುವುದರಿಂದ ಆಕಾಶ, ದೂರದ ಬೆಟ್ಟಸಾಲು, ಕಿಲೋಮೀಟರ್‌ಗಟ್ಟಲೆ ಆಳದ ನೋಟ ಇವು ಯಾವುವೂ ನಿಮ್ಮ ತಲೆನೋವಲ್ಲ. ಒಂದರ ಹಿಂದೊಂದು ಅಡಗಿದ ವಸ್ತುಗಳೂ ಕಡಿಮೆ. ಅದಕ್ಕೆ ಪ್ರತಿಯಾಗಿ, ಚಿಕ್ಕ ಗಾತ್ರದ ವಸ್ತುಗಳು ಅಪಾರ ಸಂಖ್ಯೆಯಲ್ಲಿ ಒಮ್ಮೆಲೇ ಕಾಣುತ್ತವೆ, ನಿಮ್ಮ ಶ್ರಮವೆಲ್ಲ ಹೋಗಬೇಕಾದದ್ದು ಅಲ್ಲಿಗೆ. ಹತ್ತಿರ ಸರಿಯುವಾಗ ತೆರೆಯ ಮಧ್ಯಕ್ಕಲ್ಲದೆ ಮೌಸ್ ಇರುವ ಜಾಗದ ಕಡೆಗೆ ಕ್ಯಾಮೆರಾ ಇಳಿಯಲಿ. ಕ್ಯಾಮೆರಾದ ಎತ್ತರ ನೆಲದ ಏರಿಳಿತವನ್ನು ಅನುಸರಿಸಬೇಕು, ಆದರೆ ನೇರವಾಗಿ ಅಲ್ಲ: ನೆಲದ ಎತ್ತರಗಳನ್ನು ಚೆನ್ನಾಗಿ ನುಣುಪು ಮಾಡಿದ ಬೇರೊಂದು ಪ್ರತಿಯನ್ನು ಇಟ್ಟುಕೊಂಡು ಅದರ ಮೇಲೆ ಕ್ಯಾಮೆರಾ ಜಾರಲಿ, ಇಲ್ಲವಾದರೆ ಪ್ರತಿ ದಿಣ್ಣೆಗೂ ಚಿತ್ರ ಕುಲುಕಿ ಕಣ್ಣು ದಣಿಯುತ್ತದೆ.

ಅನಂತರ ಸಮಯ. ಸೆಕೆಂಡಿಗೆ 60 ಫ್ರೇಮ್ (ಬಿಡಿಚಿತ್ರ) ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು ಸುಮಾರು 16.67 ಮಿಲಿಸೆಕೆಂಡ್. ಅದನ್ನು ಮನೆಯ ಖರ್ಚಿನಂತೆ ಹಂಚಿ ಬರೆದಿಡಿ. ಉದಾಹರಣೆಗೆ ಜಿಪಿಯು (ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್) ಕಡೆಗೆ ನೆಲಕ್ಕೆ 2, ಯೂನಿಟ್‌ಗಳಿಗೆ 4, ನೆರಳಿಗೆ 3, ಹೊಗೆ ಮತ್ತು ಬೆಂಕಿಗೆ 2, ಗುರುತು ಮತ್ತು ಫಲಕಗಳಿಗೆ 1 ಮಿಲಿಸೆಕೆಂಡ್ ಕೊಟ್ಟರೆ ನಾಲ್ಕೂವರೆಗಿಂತ ತುಸು ಹೆಚ್ಚು ಮೀಸಲು ಉಳಿಯುತ್ತದೆ. ಆ ಮೀಸಲನ್ನು ಮುಟ್ಟಬೇಡಿ. ಮಹಾಸಮರದ ಗಳಿಗೆಗೆ ಅದು ಬೇಕು. ಮೊದಲ ದಿನವೇ 2,000 ಪೆಟ್ಟಿಗೆಗಳು ಚಪ್ಪಟೆ ನೆಲದ ಮೇಲೆ ಓಡಾಡುವ ಪರೀಕ್ಷಾ ದೃಶ್ಯವೊಂದನ್ನು ಸಿದ್ಧಪಡಿಸಿಕೊಂಡು, ಎಂಜಿನ್‌ನ ಪ್ರತಿ ಬದಲಾವಣೆಯನ್ನೂ ಅದರಲ್ಲೇ ನೋಡಿ.

ಜಿಪಿಯುಗೆ ಆಜ್ಞೆ ಕೊಡಲು ಬಳಸುವ ಓಪನ್‌ಜಿಎಲ್, ವಲ್ಕನ್, ಡೈರೆಕ್ಟ್3ಡಿ, ಮೆಟಲ್ ಇವುಗಳಲ್ಲಿ ಯಾವುದು ಎಂಬ ಚರ್ಚೆ ದೊಡ್ಡದು, ಆದರೆ ನನ್ನ ಉತ್ತರ ಚಿಕ್ಕದು: ನಿಮಗೆ ಯಾವುದು ಚೆನ್ನಾಗಿ ಗೊತ್ತೋ ಅದು. 2015ರ ಡೈರೆಕ್ಟ್3ಡಿ 12 ಮತ್ತು 2016ರ ವಲ್ಕನ್ ಸಿಪಿಯು (ಕಂಪ್ಯೂಟರಿನ ಮುಖ್ಯ ಪ್ರೊಸೆಸರ್) ಮೇಲಿನ ಹೊರೆಯನ್ನು ಇಳಿಸುತ್ತವೆ ಎಂಬುದು ನಿಜ. ಆದರೂ ಒಂದು ಯೂನಿಟ್ ಕೂಡ ತೆರೆಗೆ ಬರುವ ಮುನ್ನವೇ ನಾಲ್ಕಕ್ಕೂ ಹೊಂದುವ ಪದರವೊಂದನ್ನು ಕಟ್ಟಲು ಹೊರಡುವುದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಂತೆ.

ಎರಡನೆಯ ಹೆಜ್ಜೆ: ಆಟದ ಲೆಕ್ಕವನ್ನೂ ಚಿತ್ರವನ್ನೂ ಬೇರ್ಪಡಿಸುವುದು

ಇದು ಇಡೀ ಕಟ್ಟಡದ ಅಡಿಪಾಯ. ಇಲ್ಲಿ ತಪ್ಪಿದರೆ ಮುಂದೆ ಎಲ್ಲಿಯೂ ಸರಿಪಡಿಸಲಾಗದು ಎಂಬುದನ್ನು ನಾನು ಸ್ವತಃ ಅನುಭವಿಸಿ ತಿಳಿದಿದ್ದೇನೆ.

ಈ ಪ್ರಕಾರದ ಬಹಳಷ್ಟು ಆಟಗಳು ನೆಟ್‌ವರ್ಕ್‌ನಲ್ಲಿ ಯೂನಿಟ್‌ಗಳ ಸ್ಥಾನಗಳನ್ನು ಕಳುಹಿಸುವುದಿಲ್ಲ. ಆಟಗಾರರು ಕೊಟ್ಟ ಆಜ್ಞೆಗಳನ್ನಷ್ಟೇ ಕಳುಹಿಸಿ, ಪ್ರತಿಯೊಂದು ಕಂಪ್ಯೂಟರಿನಲ್ಲೂ ಅದೇ ಲೆಕ್ಕವನ್ನು ಅದೇ ಕ್ರಮದಲ್ಲಿ ಮಾಡಿಸುತ್ತವೆ. 28.8 ಕಿಲೋಬಿಟ್ ವೇಗದ ಮೋಡೆಮ್ ಮೇಲೆ ಎಂಟು ಜನ ಆಡಬೇಕೆಂಬ ಗುರಿ ಇಟ್ಟುಕೊಂಡಿದ್ದ 1997ರ ಏಜ್ ಆಫ್ ಎಂಪೈರ್ಸ್ ಹಿಡಿದ ದಾರಿ ಇದೇ. ಇದು ಫಲಿಸಬೇಕಾದರೆ ಎಲ್ಲ ಕಂಪ್ಯೂಟರುಗಳ ಉತ್ತರ ಕೊನೆಯ ಬಿಟ್‌ವರೆಗೂ ಒಂದೇ ಆಗಿರಬೇಕು. ಒಬ್ಬರ ಕಂಪ್ಯೂಟರ್ ಸೆಕೆಂಡಿಗೆ 144 ಫ್ರೇಮ್ ಬಿಡಿಸಬಹುದು, ಇನ್ನೊಬ್ಬರದು 30. ಆಟದ ಲೆಕ್ಕ ಆ ಸಂಖ್ಯೆಯನ್ನು ಅವಲಂಬಿಸುವಂತಿಲ್ಲ. ಆದ್ದರಿಂದ ಆಟದ ಲೆಕ್ಕ, ಅಂದರೆ ಸಿಮ್ಯುಲೇಷನ್, ಸ್ಥಿರ ಅಂತರದ ಟಿಕ್‌ಗಳಲ್ಲಿ ನಡೆಯುತ್ತದೆ. ಸ್ಟಾರ್‌ಕ್ರಾಫ್ಟ್ 2 ಆಟದಲ್ಲಿ ಸಾಮಾನ್ಯ ವೇಗಕ್ಕೆ ಸೆಕೆಂಡಿಗೆ 16 ಟಿಕ್, ಸ್ಪರ್ಧೆಗಳಲ್ಲಿ ಬಳಸುವ ವೇಗಕ್ಕೆ 22.4 ಟಿಕ್.

ಚಿತ್ರದ ಕೆಲಸ ಆ ಟಿಕ್‌ಗಳ ನಡುವಿನ ಖಾಲಿಯನ್ನು ತುಂಬುವುದು. ಸೆಕೆಂಡಿಗೆ 10 ಟಿಕ್ ಇದೆ ಎಂದುಕೊಳ್ಳೋಣ. ಎರಡು ಟಿಕ್‌ಗಳ ನಡುವೆ 100 ಮಿಲಿಸೆಕೆಂಡ್, ಆ ಅವಧಿಯಲ್ಲಿ ಆರು ಫ್ರೇಮ್‌ಗಳು. ಒಂದು ಟ್ಯಾಂಕ್ ಹಿಂದಿನ ಟಿಕ್‌ನಲ್ಲಿ 100.0ರಲ್ಲಿತ್ತು, ಈಗಿನ ಟಿಕ್‌ನಲ್ಲಿ 104.0ರಲ್ಲಿದೆ. ಈ ಟಿಕ್ ಮುಗಿದು 25 ಮಿಲಿಸೆಕೆಂಡ್ ಕಳೆದಿದ್ದರೆ ಕಳೆದ ಭಾಗ 0.25, ಆದ್ದರಿಂದ ಎರಡು ಸ್ಥಾನಗಳನ್ನು ಆ ಭಾಗದಷ್ಟು ಬೆರೆಸಿ ಟ್ಯಾಂಕನ್ನು 101.0ರಲ್ಲಿ ಬಿಡಿಸಬೇಕು. ಅಂದರೆ ಆಟಗಾರರು ನೋಡುವ ಚಿತ್ರ ಯಾವಾಗಲೂ ಒಂದು ಟಿಕ್‌ನಷ್ಟು ಹಿಂದಿರುತ್ತದೆ. ಈ ಹಿಂದುಳಿಯುವಿಕೆಗೆ ಅಂಜಬೇಕಿಲ್ಲ. ಕ್ಲಿಕ್ ಮಾಡಿದ ಕೂಡಲೇ ನೆಲದ ಮೇಲೆ ಗುರುತು ಮೂಡಿಸಿ ಯೂನಿಟ್‌ನ ದನಿಯನ್ನು ಕೇಳಿಸಿದರೆ, ಟ್ಯಾಂಕ್ ತುಸು ತಡವಾಗಿ ತಿರುಗಿದ್ದು ಕೈಗೆ ತಿಳಿಯುವುದಿಲ್ಲ.

ಈ ಲೆಕ್ಕ ಸುಲಭವೆಂದು ತೋರಿದರೂ ಎರಡು ಕಡೆ ಕಾಲು ಜಾರುತ್ತದೆ. ಒಂದು, ಕೋನಗಳು. ಹಿಂದಿನ ಟಿಕ್‌ನಲ್ಲಿ 350 ಡಿಗ್ರಿಗೆ ಮುಖ ಮಾಡಿದ್ದ ಟ್ಯಾಂಕ್ ಈಗ 10 ಡಿಗ್ರಿಗೆ ತಿರುಗಿದ್ದರೆ ಅದು ತಿರುಗಬೇಕಾದದ್ದು 20 ಡಿಗ್ರಿ ಮಾತ್ರ. ಸಂಖ್ಯೆಗಳನ್ನು ಹಾಗೇ ಬೆರೆಸಿದರೆ ಅದು ಹಿಮ್ಮುಖವಾಗಿ 340 ಡಿಗ್ರಿ ಗಿರಗಿರನೆ ಸುತ್ತುತ್ತದೆ. ಯಾವಾಗಲೂ ಹತ್ತಿರದ ದಿಕ್ಕನ್ನೇ ಆರಿಸಿ. ಇನ್ನೊಂದು, ಚಲನೆಯಲ್ಲದ ಸ್ಥಾನಬದಲು. ಸಾಗಣೆ ವಿಮಾನದಿಂದ ಇಳಿದ ಅಥವಾ ಕಾರ್ಖಾನೆಯಿಂದ ಆಗಷ್ಟೇ ಹೊರಬಂದ ಯೂನಿಟ್‌ಗೆ ‘ಹಿಂದಿನ ಸ್ಥಾನ’ ಎಂಬುದಕ್ಕೆ ಅರ್ಥವೇ ಇಲ್ಲ. ಅಂಥದ್ದಕ್ಕೆ ಒಂದು ಬಿಟ್ ಗುರುತು ಇಟ್ಟು, ಆ ಒಂದು ಟಿಕ್‌ಗೆ ಬೆರಕೆಯನ್ನು ಬಿಟ್ಟುಬಿಡಿ. ಇಲ್ಲದಿದ್ದರೆ ನಕ್ಷೆಯ ಮೂಲೆಯಿಂದ ಯೂನಿಟ್ ಮಿಂಚಿನಂತೆ ಹಾರಿ ಬಂದದ್ದು ಕಾಣುತ್ತದೆ.

ಎರಡರ ನಡುವಿನ ಗೋಡೆ ಏಕಮುಖವಾಗಿರಲಿ. ಪ್ರತಿ ಟಿಕ್‌ನ ಕೊನೆಗೆ ಸಿಮ್ಯುಲೇಷನ್ ತನ್ನ ಸ್ಥಿತಿಯಲ್ಲಿ ಚಿತ್ರಕ್ಕೆ ಬೇಕಾದಷ್ಟನ್ನು ಒಂದು ಪ್ರತಿ ತೆಗೆದು ಕೊಡಲಿ. ಚಿತ್ರದ ಕಡೆ ಆ ಪ್ರತಿಯನ್ನು ಓದಲಿ, ತಿರುಗಿ ಏನನ್ನೂ ಬರೆಯದಿರಲಿ. ಹಿಂದೊಮ್ಮೆ ನಾನು ಕಟ್ಟಿದ ಎಂಜಿನ್‌ನಲ್ಲಿ ಈ ಗೋಡೆಯಲ್ಲೊಂದು ಬಿರುಕು ಉಳಿದಿತ್ತು. ಸ್ಫೋಟದ ಕಿಡಿಗಳು ಯಾವ ದಿಕ್ಕಿಗೆ ಹಾರಬೇಕೆಂದು ತೀರ್ಮಾನಿಸಲು, ಗುಂಡು ಗುರಿ ತಾಗಿತೇ ಎಂದು ತೀರ್ಮಾನಿಸುವ ಅದೇ ಯಾದೃಚ್ಛಿಕ ಸಂಖ್ಯೆಗಳ ಸಾಲನ್ನು ಬಳಸಿದ್ದೆ. ಒಬ್ಬನೇ ಆಡುವಾಗ ಎಲ್ಲವೂ ಸರಿಯಿತ್ತು. ಇಬ್ಬರು ಆಡಿದಾಗ, ಒಬ್ಬರ ಕ್ಯಾಮೆರಾ ಸ್ಫೋಟವನ್ನು ನೋಡುತ್ತಿತ್ತು, ಇನ್ನೊಬ್ಬರದು ಬೇರೆಡೆ ಇತ್ತು. ನೋಡಿದವರ ಕಂಪ್ಯೂಟರ್ ಕಿಡಿಗಳಿಗಾಗಿ ಆ ಸಾಲಿನಿಂದ ಕೆಲವು ಸಂಖ್ಯೆಗಳನ್ನು ಹೆಚ್ಚಿಗೆ ತೆಗೆದುಕೊಂಡಿತು, ಅಲ್ಲಿಂದ ಮುಂದೆ ಎರಡೂ ಕಂಪ್ಯೂಟರುಗಳಲ್ಲಿ ಎರಡು ಬೇರೆ ಯುದ್ಧಗಳು ನಡೆದವು. ಕಾರಣ ಹುಡುಕಲು ಹನ್ನೊಂದು ದಿನ ಹಿಡಿಯಿತು, ಏಕೆಂದರೆ ನಾನು ಹುಡುಕುತ್ತಿದ್ದದ್ದು ದಾರಿ ಹುಡುಕುವ ಕೋಡ್‌ನಲ್ಲಿ. ಚಿತ್ರಕ್ಕೆ ಅದರದ್ದೇ ಸಂಖ್ಯೆಗಳ ಸಾಲು ಇರಲಿ.

ಸಿಮ್ಯುಲೇಷನ್ ಹಿಂದೆ ಬಿದ್ದಾಗ ಬಾಕಿ ಟಿಕ್‌ಗಳನ್ನು ಒಂದೇ ಫ್ರೇಮಿನಲ್ಲಿ ತೀರಿಸಲು ಹೋಗಬೇಡಿ. ಆ ಪ್ರಯತ್ನದಿಂದಲೇ ಫ್ರೇಮ್ ಇನ್ನಷ್ಟು ತಡವಾಗಿ, ಬಾಕಿ ಇನ್ನಷ್ಟು ಬೆಳೆಯುತ್ತದೆ. ಫ್ರೇಮಿಗೆ ಹೆಚ್ಚೆಂದರೆ ಎರಡು ಅಥವಾ ಮೂರು ಟಿಕ್ ಎಂದು ಮಿತಿ ಹಾಕಿ. ಸಾಧ್ಯವಾದರೆ ಸಿಮ್ಯುಲೇಷನ್ನನ್ನು ಬೇರೆ ಥ್ರೆಡ್‌ಗೆ (ಜೊತೆಜೊತೆಗೇ ಓಡುವ ಪ್ರತ್ಯೇಕ ಕೆಲಸದ ಸಾಲಿಗೆ) ಒಯ್ಯಿರಿ. ಗೋಡೆ ಗಟ್ಟಿಯಿದ್ದರೆ ಅದು ಅರ್ಧ ದಿನದ ಕೆಲಸ.

ಮೂರನೆಯ ಹೆಜ್ಜೆ: ನೆಲ

ನೆಲವನ್ನು ಎತ್ತರಗಳ ಜಾಲರಿಯಾಗಿ, ಅಂದರೆ ಹೈಟ್‌ಮ್ಯಾಪ್ ಆಗಿ ಇಟ್ಟುಕೊಳ್ಳುವುದು ಈ ಪ್ರಕಾರಕ್ಕೆ ಹೇಳಿ ಮಾಡಿಸಿದ ವಿಧಾನ. 1024×1024 ಚೌಕಗಳ ನಕ್ಷೆಗೆ ಬೇಕಾದದ್ದು 1025×1025 ಎತ್ತರಗಳು. ಒಂದಕ್ಕೆ 16 ಬಿಟ್ ಎಂದರೆ ಸುಮಾರು 2.1 ಮೆಗಾಬೈಟ್, ಅಷ್ಟೆ. ಆದರೆ ಅಷ್ಟನ್ನೂ ಬಿಡಿಸಿದರೆ ಸುಮಾರು 21 ಲಕ್ಷ ತ್ರಿಕೋನಗಳಾಗುತ್ತವೆ. ಅದನ್ನು 64×64 ಚೌಕಗಳ ತುಂಡುಗಳಾಗಿ ಕತ್ತರಿಸಿದರೆ ಒಟ್ಟು 256 ತುಂಡುಗಳು. ಕ್ಯಾಮೆರಾಗೆ ಕಾಣುವ ತುಂಡುಗಳನ್ನಷ್ಟೇ ಬಿಡಿಸಿ, ದೂರ ಸರಿದಂತೆ ಪ್ರತಿ ತುಂಡಿನ ಜಾಲರಿಯನ್ನು ಅರ್ಧಕ್ಕೆ, ಕಾಲಿಗೆ ಇಳಿಸಿ. ಬೇರೆ ಬೇರೆ ಸಾಂದ್ರತೆಯ ತುಂಡುಗಳು ಸೇರುವಲ್ಲಿ ಸೀಳುಗಳು ಕಾಣುತ್ತವೆ. ಪ್ರತಿ ತುಂಡಿನ ಅಂಚಿನಿಂದ ಕೆಳಕ್ಕೆ ಸಣ್ಣ ಸೆರಗಿನಂತೆ ತ್ರಿಕೋನಗಳನ್ನು ಇಳಿಬಿಟ್ಟರೆ ಮೇಲಿನಿಂದ ನೋಡುವ ಕ್ಯಾಮೆರಾಗೆ ಅದು ಸಾಲುತ್ತದೆ. ಇದಕ್ಕಿಂತ ನಾಜೂಕಾದ ಉಪಾಯಗಳಿವೆ, ಆದರೆ ದಿಗಂತ ಕಾಣದ ಆಟಕ್ಕೆ ಅವುಗಳ ಅಗತ್ಯ ನನಗೆ ಬಿದ್ದಿಲ್ಲ.

ಮಣ್ಣು, ಹುಲ್ಲು, ಬಂಡೆ, ಮರಳು ಇವುಗಳ ಬೆರಕೆಗೆ ನಾಲ್ಕು ಬಣ್ಣವಾಹಿನಿಗಳ ಒಂದು ಟೆಕ್ಸ್ಚರ್ (ಜಿಪಿಯು ಓದುವ ಚಿತ್ರ) ಸಾಕು: ಪ್ರತಿ ವಾಹಿನಿಯಲ್ಲಿ ಒಂದೊಂದು ವಸ್ತುವಿನ ಪಾಲು. ಇಲ್ಲಿ ಕಲಾವಿದರಿಗೆ ಒಂದು ಮಾತು ತಿಳಿಸುವುದು ಎಂಜಿನ್ ಬರೆಯುವವರ ಕರ್ತವ್ಯವೆಂದೇ ನಾನು ನಂಬಿದ್ದೇನೆ. ನೆಲದ ಚಿತ್ರದಲ್ಲಿ ಕಪ್ಪು ಬಿಳುಪಿನ ತೀಕ್ಷ್ಣ ವ್ಯತ್ಯಾಸಗಳು ಹೆಚ್ಚಾದರೆ ಅದರ ಮೇಲೆ ನಿಂತ ಚಿಕ್ಕ ಯೂನಿಟ್‌ಗಳು ಕರಗಿಹೋಗುತ್ತವೆ. ನೆಲ ತಗ್ಗಿದ ದನಿಯಲ್ಲಿ ಮಾತಾಡಲಿ, ಯೂನಿಟ್‌ಗಳ ದನಿ ಮೇಲಿರಲಿ. ಏರಲಾಗದ ಕಡಿದಾದ ಇಳಿಜಾರನ್ನು ಮಾತ್ರ ಬಂಡೆಯ ಟೆಕ್ಸ್ಚರ್‌ನಿಂದ ಸ್ಪಷ್ಟವಾಗಿ ತೋರಿಸಿ, ಮತ್ತು ಆ ಗಡಿ ದಾರಿ ಹುಡುಕುವ ಕೋಡ್ ಬಳಸುವ ಇಳಿಜಾರಿನ ಮಿತಿಗೆ ತಾಳೆಯಾಗಲಿ.

ನಾಲ್ಕನೆಯ ಹೆಜ್ಜೆ: ಯೂನಿಟ್‌ಗಳ ದಂಡು

2,000 ಯೂನಿಟ್‌ಗಳನ್ನು 2,000 ಡ್ರಾ ಕಾಲ್‌ಗಳಿಂದ (ಸಿಪಿಯು ಜಿಪಿಯುಗೆ ಕೊಡುವ ‘ಬಿಡಿಸು’ ಆಜ್ಞೆಗಳಿಂದ) ಬಿಡಿಸಲು ಹೊರಟರೆ ಜಿಪಿಯು ಕೈಕಟ್ಟಿ ಕೂತಿರುತ್ತದೆ, ಸಿಪಿಯು ಮಾತ್ರ ಬೆವರುತ್ತದೆ. ಇನ್‌ಸ್ಟನ್ಸಿಂಗ್ ಇರುವುದೇ ಇದಕ್ಕಾಗಿ: ಒಂದೇ ಮೆಶ್‌ನ (ತ್ರಿಕೋನಗಳಿಂದಾದ ಆಕಾರದ) ಎಲ್ಲ ಪ್ರತಿಗಳನ್ನೂ ಒಂದೇ ಆಜ್ಞೆಯಲ್ಲಿ ಬಿಡಿಸುವುದು. 40 ಬಗೆಯ ಯೂನಿಟ್‌ಗಳಿದ್ದು ಪ್ರತಿಯೊಂದಕ್ಕೂ ದೂರಕ್ಕೆ ತಕ್ಕಂತೆ ಮೂರು ರೂಪಗಳಿದ್ದರೂ ಹೆಚ್ಚೆಂದರೆ 120 ಡ್ರಾ ಕಾಲ್.

ಪ್ರತಿ ಯೂನಿಟ್‌ಗೆ ಏನನ್ನು ಕಳುಹಿಸಬೇಕು ಎಂಬುದನ್ನು ಹತ್ತಿರದಿಂದ ನೋಡೋಣ. ಸ್ಥಾನ, ದಿಕ್ಕು, ಗಾತ್ರಗಳಿಗೆ ಮೂರು ಸಾಲು ನಾಲ್ಕು ಕಂಬದ ಮ್ಯಾಟ್ರಿಕ್ಸ್: 12 ದಶಾಂಶ ಸಂಖ್ಯೆಗಳು, 48 ಬೈಟ್. ತಂಡದ ಬಣ್ಣದ ಸಂಖ್ಯೆ, ಚಲನೆಯ ಸಂಖ್ಯೆ, ಆ ಚಲನೆಯಲ್ಲಿ ಎಷ್ಟು ಹೊತ್ತು ಕಳೆದಿದೆ, ಮತ್ತು ‘ಆಯ್ಕೆಯಾಗಿದೆ’, ‘ಹಾನಿಯಾಗಿದೆ’ ಮುಂತಾದ ಗುರುತುಗಳು: ಇನ್ನೊಂದು 16 ಬೈಟ್. ಒಟ್ಟು 64 ಬೈಟ್. 2,000 ಯೂನಿಟ್‌ಗಳಿಗೆ 1,28,000 ಬೈಟ್. ಸೆಕೆಂಡಿಗೆ 60 ಬಾರಿ ಕಳುಹಿಸಿದರೂ ಎಂಟು ಮೆಗಾಬೈಟ್ ಮುಟ್ಟುವುದಿಲ್ಲ. ಇಷ್ಟು ಕಡಿಮೆ ಇರುವುದರಿಂದ ‘ಬದಲಾದದ್ದನ್ನು ಮಾತ್ರ ಕಳುಹಿಸುವ’ ಜಾಣತನಕ್ಕೆ ಕೈಹಾಕಬೇಡಿ, ಪ್ರತಿ ಫ್ರೇಮ್‌ನಲ್ಲೂ ಪೂರ್ತಿಯಾಗಿ ಬರೆಯಿರಿ. ಜಿಪಿಯು ಇನ್ನೂ ಓದುತ್ತಿರುವ ಬಫರ್ (ಮಾಹಿತಿ ಇಡುವ ಮೆಮೊರಿಯ ಭಾಗ) ಮೇಲೆ ಬರೆಯದಂತೆ ಮೂರು ಬಫರ್‌ಗಳನ್ನು ಸರದಿಯಲ್ಲಿ ಬಳಸಿ.

ಕಾಣದ ಯೂನಿಟ್‌ಗಳನ್ನು ಕೈಬಿಡುವುದಕ್ಕೆ ಸಂಕೀರ್ಣ ಮರದ ರಚನೆ ಬೇಕಿಲ್ಲ. ಸಿಮ್ಯುಲೇಷನ್ ತನ್ನ ಕೆಲಸಕ್ಕೆಂದು ಯೂನಿಟ್‌ಗಳನ್ನು ಚೌಕಗಳಲ್ಲಿ ಹಂಚಿಟ್ಟುಕೊಂಡೇ ಇರುತ್ತದೆ. ಮೇಲಿನಿಂದ ನೋಡುವ ಕ್ಯಾಮೆರಾ ನೆಲದ ಮೇಲೆ ಒಂದು ವಿಷಮ ಚತುರ್ಭುಜವನ್ನು ಕತ್ತರಿಸುತ್ತದೆ. ಆ ಚತುರ್ಭುಜ ಮುಟ್ಟುವ ಚೌಕಗಳ ಯೂನಿಟ್‌ಗಳನ್ನು ಎತ್ತಿಕೊಂಡು, ಮೆಶ್ ಪ್ರಕಾರ ವಿಂಗಡಿಸಿ ಬಫರ್‌ಗೆ ಸಾಲಾಗಿ ಬರೆದರೆ ಮುಗಿಯಿತು.

ದೂರಕ್ಕೆ ತಕ್ಕ ರೂಪಗಳನ್ನು ಮೀಟರ್‌ನಲ್ಲಿ ಅಳೆಯಬೇಡಿ, ತೆರೆಯ ಮೇಲಿನ ಪಿಕ್ಸೆಲ್ ಎತ್ತರದಲ್ಲಿ ಅಳೆಯಿರಿ. ಜಿಪಿಯು ಪಿಕ್ಸೆಲ್‌ಗಳನ್ನು ಎರಡಕ್ಕೆರಡರ ಗುಂಪಿನಲ್ಲಿ ಬಣ್ಣ ಹಚ್ಚುವುದರಿಂದ, ಒಂದು ಪಿಕ್ಸೆಲ್‌ಗಿಂತ ಚಿಕ್ಕದಾದ ತ್ರಿಕೋನಕ್ಕೂ ನಾಲ್ಕು ಪಿಕ್ಸೆಲ್‌ಗಳ ಕೆಲಸ ತಗಲುತ್ತದೆ. 30 ಪಿಕ್ಸೆಲ್ ಎತ್ತರದ ಸೈನಿಕನಿಗೆ 5,000 ತ್ರಿಕೋನ ಕೊಟ್ಟರೆ ಚೆಲುವು ಹೆಚ್ಚುವುದಿಲ್ಲ, ಅಂಚುಗಳು ಮಿಣುಗುಡುವುದು ಮಾತ್ರ ಹೆಚ್ಚುತ್ತದೆ.

ನಡಿಗೆಯ ವಿಷಯಕ್ಕೆ ಬರೋಣ. ಪ್ರತಿ ಸೈನಿಕನ ಮೂಳೆಗಳ ಸ್ಥಿತಿಯನ್ನು ಸಿಪಿಯುನಲ್ಲಿ ಲೆಕ್ಕ ಹಾಕುವ ಬದಲು, ಎಲ್ಲ ಚಲನೆಗಳನ್ನೂ ಮೊದಲೇ ಒಂದು ಟೆಕ್ಸ್ಚರ್‌ಗೆ ಬರೆದಿಡಿ. 30 ಮೂಳೆಗಳ ಸೈನಿಕನಿಗೆ, ಮೂಳೆಗೆ ಮೂರು ಟೆಕ್ಸೆಲ್‌ನಂತೆ (ಟೆಕ್ಸೆಲ್ ಎಂದರೆ ಟೆಕ್ಸ್ಚರ್‌ನ ಒಂದು ಚುಕ್ಕೆ), ಒಂದು ಭಂಗಿಗೆ 90 ಟೆಕ್ಸೆಲ್. ಒಂದು ಸೆಕೆಂಡಿನ ನಡಿಗೆಗೆ 30 ಭಂಗಿ ಎಂದರೆ 2,700 ಟೆಕ್ಸೆಲ್. ನಾಲ್ಕು ವಾಹಿನಿಗಳ, ವಾಹಿನಿಗೆ 16 ಬಿಟ್‌ನ ಟೆಕ್ಸ್ಚರ್‌ನಲ್ಲಿ ಅದು 21,600 ಬೈಟ್. ತ್ರಿಕೋನಗಳ ಮೂಲೆಗಳನ್ನು ಕೂರಿಸುವ ವರ್ಟೆಕ್ಸ್ ಶೇಡರ್ ಆ ಟೆಕ್ಸ್ಚರ್‌ನಿಂದ ಎರಡು ಅಕ್ಕಪಕ್ಕದ ಭಂಗಿಗಳನ್ನು ಓದಿ ಬೆರೆಸುತ್ತದೆ. ಸಾವಿರ ಸೈನಿಕರು ಒಂದೇ ತಾಳಕ್ಕೆ ಹೆಜ್ಜೆ ಹಾಕಿದರೆ ಯಂತ್ರಗಳಂತೆ ಕಾಣುತ್ತಾರೆ, ಆದ್ದರಿಂದ ಪ್ರತಿಯೊಬ್ಬರ ಚಲನೆಯ ಆರಂಭವನ್ನು ಯೂನಿಟ್ ಸಂಖ್ಯೆಯ ಆಧಾರದ ಮೇಲೆ ತುಸು ಹಿಂದೆ ಮುಂದೆ ಮಾಡಿ. ಟ್ಯಾಂಕಿನ ಫಿರಂಗಿ ಗೋಪುರ ಗುರಿಯ ಕಡೆಗೆ ತಿರುಗಬೇಕಾದ್ದರಿಂದ ಅದೊಂದು ಕೋನವನ್ನು ಮಾತ್ರ ಪ್ರತ್ಯೇಕವಾಗಿ ಕಳುಹಿಸಿ.

ತಂಡದ ಬಣ್ಣಕ್ಕಾಗಿ ಪ್ರತಿ ತಂಡಕ್ಕೂ ಬೇರೆ ಟೆಕ್ಸ್ಚರ್ ಮಾಡಬೇಡಿ. ಟೆಕ್ಸ್ಚರ್‌ನ ನಾಲ್ಕನೆಯ ವಾಹಿನಿಯಲ್ಲಿ ‘ಇಲ್ಲಿ ತಂಡದ ಬಣ್ಣ ಬರಲಿ’ ಎಂದು ಗುರುತು ಹಾಕಿದರೆ ಶೇಡರ್ ಬಣ್ಣ ತುಂಬುತ್ತದೆ. ಕ್ಯಾಮೆರಾ ಮೇಲಿರುವುದರಿಂದ ಆ ಗುರುತು ತಲೆ, ಭುಜ, ಗೋಪುರದ ಮೇಲ್ಭಾಗಗಳಲ್ಲಿರಬೇಕು. ಕೆಂಪು ಹಸಿರುಗಳನ್ನು ಬೇರ್ಪಡಿಸಿ ನೋಡಲಾಗದ ಆಟಗಾರರು ಇದ್ದೇ ಇರುತ್ತಾರೆ. ಬಣ್ಣಗಳು ವರ್ಣದಲ್ಲಷ್ಟೇ ಅಲ್ಲದೆ ಹೊಳಪಿನಲ್ಲೂ ಬೇರೆಯಾಗಿರಲಿ.

ಐದನೆಯ ಹೆಜ್ಜೆ: ಯುದ್ಧದ ಮಂಜು

ಶತ್ರುವಿನ ಚಲನವಲನವನ್ನು ಮರೆಮಾಡುವ ಫಾಗ್ ಆಫ್ ವಾರ್ ಮೇಲ್ನೋಟಕ್ಕೆ ಒಂದು ಕಪ್ಪು ಪರದೆ. ವಾಸ್ತವದಲ್ಲಿ ಅದು ಆಟದ ನಿಯಮವೇ ಆಗಿದೆ. ನಕ್ಷೆಯ ಪ್ರತಿ ಚೌಕಕ್ಕೂ ಮೂರು ಸ್ಥಿತಿಗಳು: ಎಂದೂ ಕಾಣದ್ದು, ಹಿಂದೆ ಕಂಡು ಈಗ ಮರೆಯಾದದ್ದು, ಈಗ ಕಾಣುತ್ತಿರುವುದು. 512×512 ಚೌಕಗಳಿಗೆ ಒಂದೊಂದು ಬೈಟ್ ಎಂದರೆ 2,62,144 ಬೈಟ್‌ಗಳ ಟೆಕ್ಸ್ಚರ್. ಪ್ರತಿ ಚೌಕದಲ್ಲಿ ‘ನನ್ನನ್ನು ಎಷ್ಟು ಯೂನಿಟ್‌ಗಳು ನೋಡುತ್ತಿವೆ’ ಎಂಬ ಎಣಿಕೆ ಇಟ್ಟುಕೊಂಡು, ಯೂನಿಟ್ ಒಂದು ಚೌಕದಿಂದ ಇನ್ನೊಂದಕ್ಕೆ ದಾಟಿದಾಗ ಮಾತ್ರ ಹಳೆಯ ವೃತ್ತದಲ್ಲಿ ಒಂದನ್ನು ಕಳೆದು ಹೊಸ ವೃತ್ತದಲ್ಲಿ ಒಂದನ್ನು ಕೂಡಿಸಿದರೆ ಪ್ರತಿ ಟಿಕ್‌ನಲ್ಲೂ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕಿಲ್ಲ.

ಇದನ್ನು ಹಾಗೆಯೇ ತೆರೆಗೆ ತಂದರೆ ಮಂಜಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಯೂನಿಟ್ ನಡೆದಂತೆಲ್ಲ ಚೌಕಗಳು ಫಕ್ಕನೆ ಬೆಳಗುತ್ತವೆ. ಟೆಕ್ಸ್ಚರ್ ಅನ್ನು ಜಿಪಿಯುನಲ್ಲಿ ತುಸು ಮಸುಕು ಮಾಡಿ, ಹಿಂದಿನ ಟಿಕ್‌ನದನ್ನೂ ಈಗಿನದನ್ನೂ ಎರಡನೆಯ ಹೆಜ್ಜೆಯ ಅದೇ ಭಾಗದಿಂದ ಬೆರೆಸಿ; ಅಂಚು ಉಸಿರಾಡಿದಂತೆ ಸರಿಯುತ್ತದೆ. ನೆಲ, ಮರ, ಕಟ್ಟಡ, ನೀರು ಎಲ್ಲದರ ಶೇಡರ್‌ಗಳೂ ತಮ್ಮ ನಕ್ಷೆಯ ಸ್ಥಾನದಿಂದ ಈ ಒಂದೇ ಟೆಕ್ಸ್ಚರ್ ಓದಲಿ. ಮಸುಕು ಮಾಡಿದ ಪ್ರತಿ ಕಣ್ಣಿಗೆ ಮಾತ್ರ. ಶತ್ರು ಯೂನಿಟ್ ಬಿಡಿಸಬೇಕೇ ಬೇಡವೇ ಎಂಬ ತೀರ್ಮಾನ ಮೂಲ ಎಣಿಕೆಯಿಂದಲೇ ಬರಬೇಕು.

ಕಷ್ಟವಿರುವುದು ಸೋರಿಕೆಯಲ್ಲಿ. ಹಿಂದೆ ಕಂಡ ಶತ್ರುವಿನ ಕಟ್ಟಡ ಈಗ ಮಂಜಿನಲ್ಲಿದೆ. ಅಷ್ಟರಲ್ಲಿ ಬೇರೊಬ್ಬರು ಅದನ್ನು ಕೆಡವಿದರು. ಎಂಜಿನ್ ನಿಜ ಸ್ಥಿತಿಯನ್ನು ನೋಡಿ ಬಿಡಿಸಿದರೆ ಕಟ್ಟಡ ತಟ್ಟನೆ ಮಾಯವಾಗಿ, ಆಟಗಾರರಿಗೆ ಗೊತ್ತಾಗಬಾರದ ಸುದ್ದಿ ಗೊತ್ತಾಗುತ್ತದೆ. ಆದ್ದರಿಂದ ಪ್ರತಿ ಆಟಗಾರರಿಗೂ ‘ಕೊನೆಯ ಬಾರಿ ಕಂಡಾಗ ಹೀಗಿತ್ತು’ ಎಂಬ ನೆನಪಿನ ಪಟ್ಟಿ ಇರಬೇಕು, ಮಂಜಿನೊಳಗೆ ಬಿಡಿಸುವುದು ಆ ಪಟ್ಟಿಯನ್ನು ಮಾತ್ರ. ಕಡಿದ ಮರಗಳಿಗೂ, ಗುಂಡು ಬಿದ್ದ ನೆಲದ ಕುಳಿಗಳಿಗೂ ಇದೇ ನಿಯಮ. ನೆರಳಿನದು ಇನ್ನೂ ಸೂಕ್ಷ್ಮ: ಮಂಜಿನ ಗಡಿಯಾಚೆ ನಿಂತ ಶತ್ರು ವಿಮಾನವನ್ನು ಸರಿಯಾಗಿ ಮರೆಮಾಡಿದ್ದೆ, ಆದರೆ ನೆರಳು ಬಿಡಿಸುವ ಹಂತ ಬೇರೆ ಪಟ್ಟಿ ಓದುತ್ತಿದ್ದರಿಂದ ಅದರ ನೆರಳು ಮಾತ್ರ ಗಡಿಯೀಚೆಗಿನ ಬೆಳಗಿದ ಹುಲ್ಲಿನ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಚಿತ್ರ, ನೆರಳು, ಹೊಗೆ, ಸದ್ದು, ಮಿನಿಮ್ಯಾಪ್ (ಇಡೀ ರಣರಂಗವನ್ನು ತೋರಿಸುವ ಪುಟ್ಟ ನಕ್ಷೆ) ಇಷ್ಟೂ ಒಂದೇ ಸೋಸಿದ ಪಟ್ಟಿಯಿಂದ ಹೊರಡಲಿ.

ಆರನೆಯ ಹೆಜ್ಜೆ: ಬೆಳಕು ಮತ್ತು ನೆರಳು

ಸೂರ್ಯನಂಥ ಒಂದೇ ಬೆಳಕು ಮತ್ತು 2048×2048ರ ಒಂದು ನೆರಳಿನ ಟೆಕ್ಸ್ಚರ್ ಆರಂಭಕ್ಕೆ ಸಾಕು. ಕ್ಯಾಮೆರಾ ನೆಲದ ಮೇಲೆ ಕತ್ತರಿಸುವ ಚತುರ್ಭುಜಕ್ಕೆ ಅದನ್ನು ಬಿಗಿಯಾಗಿ ಹೊಂದಿಸಿ. ಕ್ಯಾಮೆರಾ ಸರಿದಾಗ ನೆರಳಿನ ಅಂಚು ಮಿಣುಗುಡದಂತೆ ಆ ಹೊಂದಿಕೆಯನ್ನು ಒಂದೊಂದು ಟೆಕ್ಸೆಲ್‌ನ ಹೆಜ್ಜೆಗೆ ಕಟ್ಟಿಹಾಕಿ. ಬೆಳಕು ಪ್ರತಿ ಯೂನಿಟ್‌ನ ನೆರಳು ಒಂದೇ ಬದಿಗೆ, ತುಸು ಉದ್ದವಾಗಿ ಬೀಳುವಂತಿರಲಿ: ಹಾರುವ ಯೂನಿಟ್ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮೇಲಿನಿಂದ ನೋಡುವವರಿಗೆ ತಿಳಿಸುವುದು ಮುಖ್ಯವಾಗಿ ಅದರ ನೆರಳೇ.

ಏಳನೆಯ ಹೆಜ್ಜೆ: ಆಯ್ಕೆ, ಗುರುತು, ಮಿನಿಮ್ಯಾಪ್

ಮೌಸ್ ಎಳೆದು ಚೌಕದಲ್ಲಿ ಯೂನಿಟ್‌ಗಳನ್ನು ಆಯ್ಕೆ ಮಾಡುವಾಗ, ಪ್ರತಿ ಯೂನಿಟ್‌ನ ಸ್ಥಾನವನ್ನು ತೆರೆಯ ಅಳತೆಗೆ ಪರಿವರ್ತಿಸಿ ಚೌಕದೊಳಗಿದೆಯೇ ಎಂದು ನೋಡಿದರೆ ಸಾಕು. 2,000 ಯೂನಿಟ್‌ಗಳಿಗೆ ಇದು ಗಣನೆಗೇ ಬಾರದ ಕೆಲಸ. ಆದರೆ ಬಳಸಬೇಕಾದದ್ದು ಬೆರೆಸಿದ ಸ್ಥಾನವನ್ನು, ಸಿಮ್ಯುಲೇಷನ್‌ನ ಸ್ಥಾನವನ್ನಲ್ಲ. ಆಟಗಾರರು ಕ್ಲಿಕ್ ಮಾಡುವುದು ತಾವು ಕಂಡದ್ದರ ಮೇಲೆ. ವೇಗದ ಯೂನಿಟ್ ಒಂದು ಟಿಕ್‌ನಲ್ಲಿ ತನ್ನ ಅಗಲದಷ್ಟು ದೂರ ಹೋಗಬಲ್ಲದು, ಆಗ ಸರಿಯಾದ ಕ್ಲಿಕ್ ಕೂಡ ಹುಸಿಹೋಗುತ್ತದೆ. ಚಿಕ್ಕ ಯೂನಿಟ್‌ಗಳಿಗೆ ಕ್ಲಿಕ್‌ನ ವ್ಯಾಪ್ತಿಯನ್ನು ಅವುಗಳ ಚಿತ್ರಕ್ಕಿಂತ ಹಿರಿದಾಗಿಡಿ.

ಆಯ್ಕೆಯ ವರ್ತುಲಗಳು ನೆಲದ ಏರಿಳಿತಕ್ಕೆ ಅಂಟಿಕೊಳ್ಳಲಿ. ಕ್ಯಾಮೆರಾ ಬಹಳ ಮೇಲೇರಿ ಯೂನಿಟ್ ಹತ್ತು ಹನ್ನೆರಡು ಪಿಕ್ಸೆಲ್‌ಗೆ ಇಳಿದಾಗ ಮೆಶ್ ಬಿಡಿಸುವುದನ್ನೇ ನಿಲ್ಲಿಸಿ, ಯೂನಿಟ್‌ನ ಬಗೆಯನ್ನು ಹೇಳುವ ಚಪ್ಪಟೆ ಗುರುತನ್ನು ತಂಡದ ಬಣ್ಣದಲ್ಲಿ ತೋರಿಸಿ. ಸುಪ್ರೀಮ್ ಕಮಾಂಡರ್ ಇದನ್ನು ಮಾಡಿ ತೋರಿಸಿದ ಮೇಲೆ ನನಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆದಿಲ್ಲ. ಜಿಪಿಯುಗೂ ಹಗುರ, ಕಣ್ಣಿಗೂ ಸ್ಪಷ್ಟ. ಮಿನಿಮ್ಯಾಪ್‌ಗೆ ನೆಲದ ಚಿತ್ರವನ್ನು ಒಮ್ಮೆ ಬಿಡಿಸಿ ಉಳಿಸಿಕೊಳ್ಳಿ, ಅದರ ಮೇಲೆ ಮಂಜಿನ ಟೆಕ್ಸ್ಚರ್ ಹೊದಿಸಿ, ಸೋಸಿದ ಪಟ್ಟಿಯ ಯೂನಿಟ್‌ಗಳನ್ನು ಚುಕ್ಕೆಗಳಾಗಿ ಇಡಿ.

ಎಂಟನೆಯ ಹೆಜ್ಜೆ: ಅಳತೆ

ಸರಾಸರಿ ಫ್ರೇಮ್ ಸಂಖ್ಯೆಯನ್ನು ನಂಬಬೇಡಿ. 20 ನಿಮಿಷದ ಆಟದಲ್ಲಿ 19 ನಿಮಿಷ ಸೈನ್ಯ ಕಟ್ಟುವುದರಲ್ಲೇ ಕಳೆದುಹೋಗುತ್ತದೆ, ಉಳಿದ ಒಂದು ನಿಮಿಷದ ತೊಂದರೆಯನ್ನು ಸರಾಸರಿ ನುಂಗಿಹಾಕುತ್ತದೆ. ಪ್ರತಿ ಫ್ರೇಮ್‌ಗೆ ತಗುಲಿದ ಸಮಯವನ್ನು ದಾಖಲಿಸಿ, ಅತಿ ನಿಧಾನವಾದ ನೂರು ಫ್ರೇಮ್‌ಗಳನ್ನು ತೆಗೆದು ನೋಡಿ. ಒಂದು ಫ್ರೇಮನ್ನು ಬಿಚ್ಚಿ ಪ್ರತಿ ಡ್ರಾ ಕಾಲ್ ಪರೀಕ್ಷಿಸಲು ರೆಂಡರ್‌ಡಾಕ್ ಎಂಬ ಉಚಿತ ಸಾಧನ ಬಹಳ ಉಪಯುಕ್ತ. ಇತರರು ಕಟ್ಟಿದ್ದನ್ನು ಓದಲು ಮುಕ್ತ ಆಕರದ ಎಂಜಿನ್‌ಗಳೂ ಇವೆ: ಟೋಟಲ್ ಅನೈಹಿಲೇಷನ್‌ನ ಪ್ರೇರಣೆಯಿಂದ ಬೆಳೆದ ಸ್ಪ್ರಿಂಗ್, ಝೀರೋ ಎಡಿ ಆಟದ ಪೈರೋಜೆನೆಸಿಸ್, ಮತ್ತು 1999ರಲ್ಲಿ ಬಿಡುಗಡೆಯಾಗಿ 2004ರಲ್ಲಿ ಆಕರ ಕೋಡ್ ಮುಕ್ತವಾದ ವಾರ್‌ಜೋನ್ 2100. ಯೂನಿಟ್‌ಗಳ ಪಟ್ಟಿ ಸಿಮ್ಯುಲೇಷನ್‌ನಿಂದ ಹೊರಟು ಡ್ರಾ ಕಾಲ್ ಆಗುವವರೆಗಿನ ದಾರಿಯನ್ನು ಇವುಗಳಲ್ಲಿ ಹಿಡಿದು ಓದಿ.

ಎರಡನೆಯ ಹೆಜ್ಜೆಯಲ್ಲಿ ಪಟ್ಟ ಶ್ರಮ ಇಲ್ಲಿ ಫಲ ಕೊಡುತ್ತದೆ. ಆಜ್ಞೆಗಳನ್ನು ಮತ್ತು ಆರಂಭದ ಸ್ಥಿತಿಯನ್ನು ಉಳಿಸಿಟ್ಟರೆ ಅದೇ ಯುದ್ಧವನ್ನು, ಅದೇ ಗುಂಡು ಅದೇ ಟಿಕ್‌ನಲ್ಲಿ ಸಿಡಿಯುವಂತೆ, ಎಷ್ಟು ಬಾರಿ ಬೇಕಾದರೂ ಮರಳಿ ಓಡಿಸಬಹುದು. ಕ್ಯಾಮೆರಾದ ಚಲನೆಯನ್ನೂ ಜೊತೆಯಲ್ಲೇ ದಾಖಲಿಸಿಕೊಳ್ಳಿ. ನಿಜವಾದ ಆಟಗಾರರು ಆಡಿದ, ಅತಿ ಹೆಚ್ಚು ಯೂನಿಟ್‌ಗಳು ಸೇರಿದ ಮೂರು ನಾಲ್ಕು ಯುದ್ಧಗಳನ್ನು ಆರಿಸಿ, ಎಂಜಿನ್‌ಗೆ ಬದಲಾವಣೆ ಸೇರಿಸುವ ಮುನ್ನ ಒಮ್ಮೆ, ಸೇರಿಸಿದ ಮೇಲೆ ಒಮ್ಮೆ ಓಡಿಸಿ, ಅತಿ ನಿಧಾನವಾದ ಫ್ರೇಮ್ ಯಾವ ಟಿಕ್‌ನಲ್ಲಿ ಬಂತು, ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬ ಎರಡು ಸಂಖ್ಯೆಗಳನ್ನು ಆ ಬದಲಾವಣೆಯ ಟಿಪ್ಪಣಿಯಲ್ಲೇ ಬರೆದಿಡಿ.